ಸೈಟುಗಳನ್ನು ಸ್ವಂತ ಸರ್ವರ್‌ಗೆ ಸಾಗಿಸುವಾಗ ಹಳೆಯದನ್ನು ಮುಟ್ಟಬೇಡಿ

ಪ್ರಶ್ನೆ: ಹವ್ಯಾಸಕ್ಕೆಂದು ಮೂರು ವೆಬ್‌ಸೈಟ್ ನಡೆಸುತ್ತಿದ್ದೇನೆ. ಹಕ್ಕಿ ಫೋಟೋಗಳ ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ. ಹತ್ತು ವರ್ಷಕ್ಕೂ ಹಳೆಯದು, ಬರಹವೆಲ್ಲ ಕನ್ನಡದಲ್ಲಿದೆ. ಎರಡನೆಯದು ಹಳೆ ರೇಡಿಯೋಗಳ ಬಗ್ಗೆ ಕೈಯಾರೆ ಬರೆದ ಎಚ್‌ಟಿಎಂಎಲ್ ಪುಟಗಳು. ಮೂರನೆಯದು ನಾಣ್ಯಗಳ ಪಟ್ಟಿ, ಪಿಎಚ್‌ಪಿಯಲ್ಲಿ ನಾನೇ ಬರೆದುಕೊಂಡಿದ್ದು. ಮೂರೂ ಒಂದೇ ಶೇರ್ಡ್ ಹೋಸ್ಟಿಂಗ್‌ನಲ್ಲಿವೆ (ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಬಾಡಿಗೆ ಸೇವೆ). ನನ್ನ ಇಮೇಲ್ ಕೂಡ ಅಲ್ಲೇ ಇದೆ. ಈಗ ಮನೆಯಲ್ಲೇ ಒಂದು ಮಿನಿ ಪಿಸಿ ಇಟ್ಟು ಎಲ್ಲವನ್ನೂ ಅದರಿಂದ ನಡೆಸುವ ಆಸೆ. ಸ್ನೇಹಿತರು ಬೇಡ ಅನ್ನುತ್ತಾರೆ. ಡಿಎನ್‌ಎಸ್ ಬದಲಾಗಲು 48 ಗಂಟೆ ಹಿಡಿಯುತ್ತದೆ, ಅಲ್ಲಿವರೆಗೆ ಸೈಟ್ ಬಂದ್ ಆಗಿರುತ್ತದಂತೆ. ಗೂಗಲ್‌ನಲ್ಲಿ ಈಗಿರುವ ಸ್ಥಾನ ಹೋಗುತ್ತದಂತೆ. ಮನೆಯ ನೆಟ್‌ವರ್ಕ್‌ಗೆ ಯಾರಾದರೂ ನುಗ್ಗುತ್ತಾರಂತೆ. ಹಿಂದೊಮ್ಮೆ ಹೋಸ್ಟಿಂಗ್ ಬದಲಿಸಿದಾಗ ನನ್ನ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಹೋಗಿತ್ತು, ಆ ಹೆದರಿಕೆ ಇನ್ನೂ ಇದೆ. ಹೋಸ್ಟಿಂಗ್ ಅವಧಿ ಮುಗಿಯಲು ಎರಡು ತಿಂಗಳಿದೆ. ಯಾವ ಕ್ರಮದಲ್ಲಿ ಮಾಡಲಿ? ಒಂದೇ ದಿನದಲ್ಲಿ ಮುಗಿಸಬಹುದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಾಲ್ಕೈದು ಭಯಗಳಿವೆ. ಎಲ್ಲದರ ಬುಡದಲ್ಲಿರುವುದು ಒಂದೇ ಭಯ: ಹತ್ತು ವರ್ಷ ಕೂತು ಮಾಡಿದ್ದು ಒಂದು ತಪ್ಪಿನಿಂದ ಅಳಿಸಿಹೋದರೆ ಏನು ಗತಿ? ಇದು ಸುಮ್ನೆ ಹುಟ್ಟಿದ ಭಯವಲ್ಲ. ಹೀಗೆ ಕಳೆದುಕೊಂಡವರನ್ನು ಈ ಕೆಲಸದಲ್ಲಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕಳೆದುಕೊಂಡಿದ್ದು ಸಾಗಿಸುವಾಗ ಅಲ್ಲ. ಹಳೆಯದನ್ನು ಬೇಗ ಅಳಿಸಿದ್ದರಿಂದ, ಇಲ್ಲವೇ ಒಟ್ಟಿಗೆ ಮೂರು ಬದಲಾವಣೆ ಮಾಡಿ ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗದೆ ಹೋದದ್ದರಿಂದ.

ಹಾಗಾಗಿ ಸೈಟನ್ನು ಸಾಗಿಸಬೇಡಿ, ನಕಲು ಮಾಡಿ. ಹೊಸ ಸರ್ವರ್‌ನಲ್ಲಿ ಎಲ್ಲ ಸರಿಯಾಗಿ ಓಡುವವರೆಗೂ ಹಳೆಯದರಲ್ಲಿ ಒಂದು ಫೈಲನ್ನೂ ಅಳಿಸಬೇಡಿ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ. ನಿಮ್ಮ ಹತ್ತಿರ ಎರಡು ತಿಂಗಳಿದೆ. ನಿಜವಾಗಿ ಬೇಕಾದ್ದು ಅದೇ. ಒಂದು ದಿನದಲ್ಲಿ ಮುಗಿಸುವ ಯೋಚನೆ ಬಿಟ್ಟುಬಿಡಿ.

ಇನ್ನೊಂದು ಗೊಂದಲವನ್ನೂ ಮೊದಲೇ ಬಿಡಿಸಿಬಿಡೋಣ. ಬಿಲ್ ಒಂದೇ ಕಡೆಯಿಂದ ಬರುವುದರಿಂದ ಎಲ್ಲವೂ ಒಂದೇ ಗಂಟು ಅನ್ನಿಸುತ್ತದೆ. ಅದರಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಡೊಮೇನ್ ಹೆಸರಿನ ನೋಂದಣಿ ಒಂದು. ಆ ಹೆಸರು ಯಾವ ಐಪಿ ವಿಳಾಸದಲ್ಲಿದೆ ಎಂದು ಹೇಳುವ ಡಿಎನ್‌ಎಸ್ ಇನ್ನೊಂದು. ಸೈಟಿನ ಫೈಲ್ ಮತ್ತು ಡೇಟಾಬೇಸ್ ಮೂರನೆಯದು. ಇಮೇಲ್ ನಾಲ್ಕನೆಯದು. ಒಂದನ್ನು ಬದಲಿಸಿದರೆ ಉಳಿದ ಮೂರನ್ನೂ ಬದಲಿಸಬೇಕೆಂದಿಲ್ಲ. ಈಗ ನೀವು ಮುಟ್ಟಬೇಕಾದ್ದು ಮೂರನೆಯದನ್ನು ಮಾತ್ರ. ಕೊನೆಗೆ ಡಿಎನ್‌ಎಸ್‌ನಲ್ಲಿ ಒಂದು ಸಾಲು, ಅಷ್ಟೇ.

48 ಗಂಟೆಯ ಮಾತು ಎಲ್ಲಿಂದ ಬಂತು

ಡಿಎನ್‌ಎಸ್‌ನ ಪ್ರತಿಯೊಂದು ರೆಕಾರ್ಡ್‌ಗೂ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ. ಈ ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಎಂದು ಅದು ಹೇಳುತ್ತದೆ. 86400 ಅಂದರೆ ಒಂದು ದಿನ. 3600 ಅಂದರೆ ಒಂದು ಗಂಟೆ. 300 ಅಂದರೆ ಐದು ನಿಮಿಷ. ಹೊಸ ವಿಳಾಸ ಜಗತ್ತಿಗೆಲ್ಲ ನಿಧಾನವಾಗಿ ಹರಡುತ್ತದೆ ಎಂಬ ಕಲ್ಪನೆ ತಪ್ಪು. ಅಲ್ಲಲ್ಲಿ ನೆನಪಿಟ್ಟುಕೊಂಡ ಹಳೆ ಉತ್ತರದ ಅವಧಿ ಮುಗಿಯುತ್ತದೆ, ಆಮೇಲೆ ಕೇಳಿದವರಿಗೆ ಹೊಸದು ಸಿಗುತ್ತದೆ. ಕಾಯುವ ಸಮಯ ಎಷ್ಟಿರಬೇಕು ಅನ್ನುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ.

ನೇಮ್‌ಸರ್ವರನ್ನೇ, ಅಂದರೆ ನಿಮ್ಮ ಡಿಎನ್‌ಎಸ್ ರೆಕಾರ್ಡ್‌ಗಳನ್ನು ಇಟ್ಟುಕೊಂಡು ಉತ್ತರ ಕೊಡುವ ಸರ್ವರನ್ನೇ, ಬದಲಿಸಿದರೆ ಮಾತ್ರ ಲೆಕ್ಕ ಬೇರೆ. ಡಾಟ್ ಕಾಮ್ ಹೆಸರುಗಳಿಗೆ ಮೇಲಿನ ಹಂತದಲ್ಲಿರುವ ನೇಮ್‌ಸರ್ವರ್ ರೆಕಾರ್ಡ್‌ನ ಟಿಟಿಎಲ್ 172800 ಸೆಕೆಂಡ್, ಅಂದರೆ ಸರಿಯಾಗಿ ಎರಡು ದಿನ. ಅದು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಸೈಟ್ ಸಾಗಿಸುವ ದಿನವೇ ನೇಮ್‌ಸರ್ವರ್ ಬದಲಿಸಬೇಡಿ. ಬದಲಿಸುವುದಿದ್ದರೆ ವಾರಗಳ ಮೊದಲೇ, ಹಳೆಯ ರೆಕಾರ್ಡ್‌ಗಳನ್ನೆಲ್ಲ ಹಾಗೇ ನಕಲು ಮಾಡಿಕೊಂಡು ಬದಲಿಸಿ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರ ಅಸಲಿಯೇ ಎಂದು ಸಹಿಯಿಂದ ಪರೀಕ್ಷಿಸುವ ವ್ಯವಸ್ಥೆ) ಚಾಲೂ ಇದ್ದರೆ ಮೊದಲು ಅದನ್ನು ತೆಗೆಸಿ, ಟಿಟಿಎಲ್ ಮುಗಿಯುವ ತನಕ ಕಾಯಿರಿ. ಇಲ್ಲದಿದ್ದರೆ ಸಹಿ ತಾಳೆಯಾಗದೆ ಅರ್ಧ ಜಗತ್ತಿಗೆ ನಿಮ್ಮ ಹೆಸರೇ ಇಲ್ಲದಂತಾಗುತ್ತದೆ.

ನೀವು ಮಾಡಬೇಕಾದ್ದು ಇಷ್ಟೇ. ವಿಳಾಸ ಬದಲಿಸುವ ಎರಡು ದಿನ ಮೊದಲು, ಡೊಮೇನಿನ ಐಪಿ ವಿಳಾಸ ಹೇಳುವ 'ಎ' ರೆಕಾರ್ಡ್‌ನ ಟಿಟಿಎಲ್ ಅನ್ನು 300ಕ್ಕೆ ಇಳಿಸಿ. ಎರಡು ದಿನ ಯಾಕೆ? ಹಳೆ ಟಿಟಿಎಲ್ ಒಂದು ದಿನ ಇದ್ದರೆ, ಇಳಿಸಿದ ಸುದ್ದಿ ಎಲ್ಲರಿಗೂ ತಲುಪಲು ಆ ಒಂದು ದಿನ ಹಿಡಿಯುತ್ತದೆ. ಬದಲಿಸುವ ಹತ್ತು ನಿಮಿಷ ಮೊದಲು ಇಳಿಸಿದರೆ ಏನೂ ಉಪಯೋಗವಿಲ್ಲ. ಟಿಟಿಎಲ್ ಅನ್ನು ಪಾಲಿಸದ ಕೆಲವು ರಿಸಾಲ್ವರ್‌ಗಳೂ (ಓದುಗರ ಪರವಾಗಿ ಡಿಎನ್‌ಎಸ್ ಕೇಳುವ ಸರ್ವರ್‌ಗಳು) ಬಾಟ್‌ಗಳೂ (ತಾವಾಗಿಯೇ ಸೈಟು ಸುತ್ತುವ ಪ್ರೋಗ್ರಾಂಗಳು) ಇವೆ, ಅವು ಇನ್ನೂ ಕೆಲವು ದಿನ ಹಳೆ ವಿಳಾಸಕ್ಕೇ ಬರುತ್ತವೆ. ಬರಲಿ. ಹಳೆ ಸರ್ವರ್ ಓಡುತ್ತಿರುತ್ತದಲ್ಲ, ಅವರಿಗೂ ಸೈಟ್ ಕಾಣುತ್ತದೆ. ಅಂದಮೇಲೆ ಸೈಟ್ ಬಂದ್ ಆಗುವ ಪ್ರಶ್ನೆ ಎಲ್ಲಿ?

ಒಂದು ಎಚ್ಚರಿಕೆ. ಡಿಎನ್‌ಎಸ್ ಪುಟದಲ್ಲಿ 'ಎ' ರೆಕಾರ್ಡ್ ಜೊತೆಗೆ 'ಎಎಎಎ' ಎಂಬ ರೆಕಾರ್ಡ್ ಇದೆಯೇ ನೋಡಿ. ಅದು ಐಪಿವಿ6, ಅಂದರೆ ಹೊಸ ಬಗೆಯ ಉದ್ದನೆಯ ಐಪಿ ವಿಳಾಸ. ಹೋಸ್ಟಿಂಗ್‌ನವರು ತಾವಾಗಿಯೇ ಹಾಕಿರುತ್ತಾರೆ, ನಮಗೆ ಗೊತ್ತೇ ಇರುವುದಿಲ್ಲ. 'ಎ' ಮಾತ್ರ ಬದಲಿಸಿ ಇದನ್ನು ಮರೆತರೆ, ಐಪಿವಿ6 ಇರುವವರೆಲ್ಲ ವಾರಗಟ್ಟಲೆ ಹಳೆ ಸರ್ವರ್‌ಗೇ ಹೋಗುತ್ತಾರೆ. 'ನನಗೆ ಹೊಸದು ಕಾಣುತ್ತೆ, ಸ್ನೇಹಿತನಿಗೆ ಹಳೆಯದು ಕಾಣುತ್ತೆ' ಎಂಬ ದೂರು ಬಂದಾಗ ನಾನು ಮೊದಲು ನೋಡುವುದೇ ಇದನ್ನು.

ಗೂಗಲ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಪುಟಗಳ ವಿಳಾಸ ಒಂದಕ್ಷರವೂ ಬದಲಾಗದೆ ಸರ್ವರ್ ಮಾತ್ರ ಬದಲಾದರೆ ಸ್ಥಾನ ಹೋಗುವುದಿಲ್ಲ. ಗೂಗಲ್‌ನ ಬಾಟ್ ಸ್ವಲ್ಪ ದಿನ ಪುಟಗಳನ್ನು ನಿಧಾನವಾಗಿ ಓದಬಹುದು, ಆಮೇಲೆ ಮೊದಲಿನಂತಾಗುತ್ತದೆ. ಸ್ಥಾನ ಕುಸಿಯುವುದು ಪುಟದ ವಿಳಾಸಗಳು ಮುರಿದಾಗ, ಇಲ್ಲವೇ ಹೊಸ ಸರ್ವರ್ ಪದೇಪದೇ ನಿಂತಾಗ. ಈ ಅವಕಾಶದಲ್ಲೇ ಸೈಟಿನ ರೂಪ, ಪುಟಗಳ ಹೆಸರು, ಥೀಮ್ ಎಲ್ಲ ಬದಲಿಸೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಅದಕ್ಕೆ ಬೇರೆ ತಿಂಗಳಿದೆ.

ಮನೆಯಲ್ಲೇ ಇಡಬಹುದೇ?

ಸ್ನೇಹಿತರ ಭಯದಲ್ಲಿ ಇದಕ್ಕೆ ಮಾತ್ರ ನಿಜವಾದ ತೂಕವಿದೆ. ಆದರೆ ಅವರು ಹೇಳಿದ ಕಾರಣಕ್ಕಿಂತ ಮೊದಲು ನೋಡಬೇಕಾದ್ದು ಬೇರೆ ಇದೆ.

ನಿಮ್ಮ ರೌಟರ್‌ನ ಪುಟ ತೆರೆದು, ಹೊರಗಿನ ಕಡೆಯ ಐಪಿ ವಿಳಾಸ ಏನಿದೆ ನೋಡಿ. ನಂತರ 'ನನ್ನ ಐಪಿ ಯಾವುದು' ಎಂದು ತೋರಿಸುವ ಯಾವುದಾದರೂ ಸೈಟ್‌ನಲ್ಲಿ ನೋಡಿ. ಎರಡೂ ಒಂದೇ ಆಗಿದ್ದರೆ ಒಳ್ಳೆಯದು. ಬೇರೆ ಬೇರೆ ಇದ್ದರೆ, ಅದರಲ್ಲೂ ರೌಟರ್‌ನಲ್ಲಿ 100.64ರಿಂದ 100.127ರವರೆಗಿನ ಅಂಕಿಯಿಂದ ಶುರುವಾಗುವ ವಿಳಾಸವಿದ್ದರೆ, ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದೆ ಎಂದರ್ಥ. ಇದನ್ನು ಸಿಜಿನ್ಯಾಟ್ ಅನ್ನುತ್ತಾರೆ. ಆಗ ರೌಟರ್‌ನಲ್ಲಿ ಎಷ್ಟು ಪೋರ್ಟ್ (ಸಂಪರ್ಕಕ್ಕೆಂದು ಸಂಖ್ಯೆಯಿಟ್ಟ ಬಾಗಿಲು) ತೆರೆದರೂ ಹೊರಗಿನವರು ನಿಮ್ಮ ಮಿನಿ ಪಿಸಿಗೆ ಬರಲಾರರು. ಸರ್ವರ್ ಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡಿ.

ಇನ್ನು ಅಪ್‌ಲೋಡ್ ವೇಗ. ನಿಮ್ಮ ಸೈಟ್ ನೋಡುವವರಿಗೆ ಅದೇ ಡೌನ್‌ಲೋಡ್. ಒಂದು ಫೋಟೋ ಪುಟ 5 ಮೆಗಾಬೈಟ್ ಇದ್ದರೆ ಅದು 40 ಮೆಗಾಬಿಟ್. ನಿಮ್ಮ ಅಪ್‌ಲೋಡ್ ಸೆಕೆಂಡಿಗೆ 20 ಮೆಗಾಬಿಟ್ ಇದ್ದರೆ ಒಬ್ಬರಿಗೇ ಎರಡು ಸೆಕೆಂಡ್. ಹತ್ತು ಜನ ಒಟ್ಟಿಗೆ ಬಂದರೆ ಇಪ್ಪತ್ತು ಸೆಕೆಂಡ್. ರೇಡಿಯೋ ಪುಟಗಳಿಗೆ ಇದು ಲೆಕ್ಕಕ್ಕಿಲ್ಲ, ಹಕ್ಕಿ ಫೋಟೋಗಳಿಗೆ ಇದೆ. ಫೋಟೋಗಳನ್ನು ವೆಬ್‌ಪಿ ಎಂಬ ಹಗುರ ಚಿತ್ರ ರೂಪಕ್ಕೆ ಬದಲಿಸಿ ಗಾತ್ರ ಇಳಿಸಿದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಇಂಟರ್ನೆಟ್ ಕಂಪನಿಯ ಷರತ್ತುಗಳನ್ನೂ ಓದಿ. ಮನೆ ಸಂಪರ್ಕದಲ್ಲಿ ಸರ್ವರ್ ನಡೆಸಬಾರದು ಎಂದು ಕೆಲವರು ಬರೆದಿರುತ್ತಾರೆ, ಕೆಲವರು ಒಳಬರುವ 80ನೇ ಪೋರ್ಟನ್ನೇ ಮುಚ್ಚಿರುತ್ತಾರೆ.

ಭದ್ರತೆಗೆ ಬರೋಣ. ಹೊಸ ವಿಳಾಸವೊಂದು ಇಂಟರ್ನೆಟ್‌ಗೆ ತೆರೆದುಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಯಾಂತ್ರಿಕ ತಡಕಾಟ ಶುರುವಾಗುತ್ತದೆ. ಅದು ನಿಮ್ಮ ಮೇಲಿನ ದ್ವೇಷವಲ್ಲ, ಎಲ್ಲ ವಿಳಾಸಗಳಿಗೂ ಹೀಗೇ. ಲಾಗ್‌ನಲ್ಲಿ ನೂರಾರು ವಿಫಲ ಲಾಗಿನ್ ನೋಡಿ ಗಾಬರಿಯಾಗಬೇಡಿ. ರೌಟರ್‌ನಲ್ಲಿ ವೆಬ್‌ಗೆ ಬೇಕಾದ 80 ಮತ್ತು 443 ಎರಡೇ ಪೋರ್ಟ್ ತೆರೆಯಿರಿ. ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಸರ್ವರ್‌ಗೆ ಆಜ್ಞೆ ಕೊಡುವ ದಾರಿ) ಹೊರಗಿನಿಂದ ಬೇಕಿದ್ದರೆ ವೈರ್‌ಗಾರ್ಡ್ ಎಂಬ ವಿಪಿಎನ್ ಮೂಲಕ ಬನ್ನಿ (ಅದಕ್ಕೆ ಅದರದೇ ಒಂದು ಪೋರ್ಟ್ ಮಾತ್ರ ಹೆಚ್ಚಿಗೆ ಬೇಕು), ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀ ಮಾತ್ರ ಇಡಿ. ಡೇಟಾಬೇಸಿನ 3306 ಪೋರ್ಟ್ ಹೊರಗೆ ಕಾಣಲೇಬಾರದು. ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಸಾಧನ) ಬಳಸುವುದಿದ್ದರೆ ಗಮನಿಸಿ: ಅದು ತೆರೆಯುವ ಪೋರ್ಟ್‌ಗಳು ಲಿನಕ್ಸ್‌ನ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನ ನಿಯಮಗಳನ್ನು ದಾಟಿಕೊಂಡು ಹೋಗುತ್ತವೆ. ಮುಚ್ಚಿದ್ದೇನೆ ಎಂದುಕೊಂಡ ಪೋರ್ಟ್ ತೆರೆದೇ ಇರುತ್ತದೆ. ಸರ್ವರನ್ನು ಮನೆಯ ಉಳಿದ ಸಾಧನಗಳಿಂದ ಬೇರೆಯಾದ ನೆಟ್‌ವರ್ಕ್‌ನಲ್ಲಿ ಇಡಿ. ಒಳ್ಳೆ ರೌಟರ್‌ನಲ್ಲಿ ಹೀಗೆ ಬೇರ್ಪಡಿಸಲು ವಿಲ್ಯಾನ್ ಎಂಬ ಸೌಲಭ್ಯ ಇರುತ್ತದೆ. ಆಗ ಸರ್ವರ್ ಕೈತಪ್ಪಿದರೂ ಮನೆಯವರ ಲ್ಯಾಪ್‌ಟಾಪ್‌ವರೆಗೆ ಬರುವುದು ಸುಲಭವಲ್ಲ.

ಇಷ್ಟು ಮಾಡಿದ ಮೇಲೆ ಉಳಿಯುವ ದೊಡ್ಡ ಕಿಂಡಿ ವರ್ಡ್‌ಪ್ರೆಸ್‌ನ ಪ್ಲಗಿನ್‌ಗಳು. ಬಳಸದ ಪ್ಲಗಿನ್, ಬಳಸದ ಥೀಮ್ ಎಲ್ಲ ತೆಗೆದುಹಾಕಿ. ನಿಷ್ಕ್ರಿಯ ಮಾಡಿದರೆ ಸಾಲದು, ಅಳಿಸಿ. ಇದನ್ನೂ ಹೊಸ ಸರ್ವರ್‌ನಲ್ಲೇ ಮಾಡಿ, ಹಳೆಯದರಲ್ಲಲ್ಲ.

ಹಾಗಾದರೆ ಆಯ್ಕೆಗಳೇನು? ಮೂರು ದಾರಿ ಇದೆ. ಪಬ್ಲಿಕ್ ಐಪಿ ಇದ್ದು ಅಪ್‌ಲೋಡ್ ಚೆನ್ನಾಗಿದ್ದರೆ ನೇರವಾಗಿ ಮನೆಯಿಂದ ನಡೆಸಬಹುದು. ಕರೆಂಟ್ ಹೋದರೆ, ಕೇಬಲ್ ಕಡಿದರೆ ಸೈಟ್ ನಿಲ್ಲುತ್ತದೆ. ಐಪಿ ಆಗಾಗ ಬದಲಾಗುತ್ತಿದ್ದರೆ, ಹೊಸ ಐಪಿಯನ್ನು ತಾನಾಗಿ ಡಿಎನ್‌ಎಸ್‌ಗೆ ಬರೆಯುವ ಡೈನಮಿಕ್ ಡಿಎನ್‌ಎಸ್ ಬೇಕು. ಸಿಜಿನ್ಯಾಟ್ ಇದ್ದರೆ ಟನೆಲ್ ದಾರಿ: ಕ್ಲೌಡ್‌ಫ್ಲೇರ್ ಟನೆಲ್‌ನಂಥದ್ದು ಒಳಗಿನಿಂದ ಹೊರಕ್ಕೆ ಸಂಪರ್ಕ ಕಟ್ಟುತ್ತದೆ, ಪೋರ್ಟ್ ತೆರೆಯುವ ಗೋಜೇ ಇಲ್ಲ. ಮನೆಯ ವಿಳಾಸವೂ ಹೊರಗೆ ಕಾಣುವುದಿಲ್ಲ. ಆದರೆ ನಿಮ್ಮ ಸೈಟಿನ ಎಲ್ಲ ಸಂಚಾರ ಆ ಕಂಪನಿಯ ಯಂತ್ರದಲ್ಲಿ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನೀವು ಒಪ್ಪಬೇಕು. ಮೂರನೆಯದು ಬಾಡಿಗೆಯ ಸಣ್ಣ ವಿಪಿಎಸ್, ಅಂದರೆ ಡೇಟಾ ಸೆಂಟರ್‌ನಲ್ಲಿರುವ ಒಂದು ವರ್ಚುವಲ್ ಸರ್ವರ್. ಕರೆಂಟ್, ಕೇಬಲ್ ಚಿಂತೆ ಇಲ್ಲ, ಸ್ಥಿರ ಐಪಿ ಸಿಗುತ್ತದೆ. ಯಂತ್ರ ನಿಮ್ಮದಲ್ಲ, ಆದರೆ ಒಳಗಿನ ಪೂರ್ತಿ ವ್ಯವಸ್ಥೆ ನಿಮ್ಮದೇ. ಅಪ್‌ಡೇಟ್ ಮಾಡುವ ಹೊಣೆಯೂ ನಿಮ್ಮದೇ.

ನಾನಾಗಿದ್ದರೆ ರೇಡಿಯೋ ಮತ್ತು ನಾಣ್ಯದ ಸೈಟುಗಳನ್ನು ಮೊದಲು ಮನೆಗೆ ತಂದು ಒಂದು ತಿಂಗಳು ನೋಡುತ್ತಿದ್ದೆ. ಎಷ್ಟು ಸಲ ನಿಂತಿತು, ಯಾಕೆ ನಿಂತಿತು ಗೊತ್ತಾಗುತ್ತದೆ. ಅದು ತೃಪ್ತಿ ಕೊಟ್ಟರೆ ಹಕ್ಕಿಗಳೂ ಬರಲಿ. ಇಲ್ಲದಿದ್ದರೆ ಹಕ್ಕಿ ಸೈಟ್ ವಿಪಿಎಸ್‌ಗೆ ಹೋಗಲಿ, ಮನೆಯ ಯಂತ್ರ ಅದರ ಬ್ಯಾಕಪ್ ಇಟ್ಟುಕೊಳ್ಳಲಿ. ಅದೂ ಒಳ್ಳೆಯ ಬಳಕೆಯೇ. ಮಿನಿ ಪಿಸಿಯ ಖರ್ಚಿನ ಬಗ್ಗೆ ಒಂದು ಅಂದಾಜು: ಸರಾಸರಿ 10 ವಾಟ್ ಎಳೆದರೆ ವರ್ಷಕ್ಕೆ ಸುಮಾರು 88 ಯೂನಿಟ್. ಒಂದು ಯುಪಿಎಸ್ ಇಡಿ. ಬಯೋಸ್‌ನಲ್ಲಿ 'ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗು' ಎಂಬ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಇಲ್ಲದಿದ್ದರೆ ನೀವು ಊರಲ್ಲಿಲ್ಲದ ದಿನವೇ ಅದು ಆಫ್ ಆಗಿ ಕೂರುತ್ತದೆ.

ಕನ್ನಡ ಯಾಕೆ ಪ್ರಶ್ನೆ ಚಿಹ್ನೆ ಆಗುತ್ತದೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಇಲ್ಲಿ ಹೋದದ್ದು ಕೆಲವೊಮ್ಮೆ ವಾಪಸ್ ಬರುವುದೇ ಇಲ್ಲ.

ಎಲ್ಲ ಭಾಷೆಗಳನ್ನೂ ಬರೆಯಬಲ್ಲ ಯುಟಿಎಫ್-8 ಎಂಬ ಅಕ್ಷರ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಇಮೋಜಿಗಳಿಗೆ ನಾಲ್ಕು. ಲ್ಯಾಟಿನ್-1 ಎಂಬ ಹಳೆ ಪದ್ಧತಿಯಲ್ಲಿ ಒಂದಕ್ಷರಕ್ಕೆ ಒಂದೇ ಬೈಟ್, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಡೇಟಾ ಇಟ್ಟ ಟೇಬಲ್‌ಗೆ ಒಂದು ಅಕ್ಷರ ಪದ್ಧತಿ ಇರುತ್ತದೆ. ಅದರ ಜೊತೆ ಮಾತಾಡುವ ಸಂಪರ್ಕಕ್ಕೆ ಇನ್ನೊಂದು. ಟೇಬಲ್ ಯುಟಿಎಫ್-8ರಲ್ಲಿದ್ದು ಸಂಪರ್ಕ ಲ್ಯಾಟಿನ್-1 ಆಗಿದ್ದರೆ, ಡೇಟಾಬೇಸ್ ಪ್ರತಿ ಅಕ್ಷರವನ್ನೂ ಬದಲಿಸಲು ನೋಡುತ್ತದೆ, ಆಗುವುದಿಲ್ಲ, ಅದರ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಡುತ್ತದೆ. ಇದು ಬರೀ ತೋರಿಸುವಾಗ ಆಗಿದ್ದರೆ ಭಯವಿಲ್ಲ, ಒಳಗಿನ ಡೇಟಾ ಸರಿಯಿರುತ್ತದೆ. ಆದರೆ ಎಕ್ಸ್‌ಪೋರ್ಟ್ ಮಾಡುವಾಗಲೇ ಆಗಿದ್ದರೆ ಆ ಫೈಲ್‌ನಲ್ಲಿರುವುದು ಬರೀ ಪ್ರಶ್ನೆ ಚಿಹ್ನೆ. ಅದರಿಂದ ಕನ್ನಡವನ್ನು ಹಿಂದಕ್ಕೆ ತರಲು ಯಾವ ದಾರಿಯೂ ಇಲ್ಲ. ಹಳೆ ಸರ್ವರ್‌ನಲ್ಲಿ ಮೂಲ ಉಳಿದಿದ್ದರೆ ಮಾತ್ರ ಮತ್ತೆ ತೆಗೆಯಬಹುದು. ಹಳೆಯದನ್ನು ಮುಟ್ಟಬೇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇನ್ನೊಂದು ಬಗೆಯ ಹಾಳು ಇದೆ. ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ಮೂರು ವಿಚಿತ್ರ ಗುರುತು ಕಾಣುತ್ತದೆ: ತಲೆಯ ಮೇಲೆ ಗೀಟಿರುವ ಇಂಗ್ಲಿಷ್‌ನ 'ಎ', ಅದರ ಪಕ್ಕ ಮೇಲಕ್ಕೆ ಕೂತ ಸಣ್ಣ 2 ಅಥವಾ 3, ಆಮೇಲೆ ಇನ್ನೇನೋ ಒಂದು. ನೋಡಲು ಇದು ಜಾಸ್ತಿ ಭಯಂಕರ, ಆದರೆ ಇದನ್ನು ಸರಿಮಾಡಬಹುದು. ಹಳೆ ಪಿಎಚ್‌ಪಿ ಪ್ರೋಗ್ರಾಂಗಳು ಯುಟಿಎಫ್-8 ಬೈಟ್‌ಗಳನ್ನು ಲ್ಯಾಟಿನ್-1 ಎಂದು ಗುರುತಿಟ್ಟ ಟೇಬಲ್‌ನಲ್ಲಿ ತುರುಕುತ್ತಿದ್ದವು. ಹಾಕುವಾಗಲೂ ತೆಗೆಯುವಾಗಲೂ ಅದೇ ತಪ್ಪು ಇದ್ದುದರಿಂದ ವರ್ಷಗಟ್ಟಲೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಯಾರಾದರೂ ಯುಟಿಎಫ್-8 ಎಂದು ಹೇಳಿ ಎಕ್ಸ್‌ಪೋರ್ಟ್ ಮಾಡಿದಾಗ ಪ್ರತಿ ಬೈಟೂ ಇನ್ನೊಮ್ಮೆ ಬದಲಾಗುತ್ತದೆ. ನಿಮ್ಮ ನಾಣ್ಯದ ಪಟ್ಟಿಯಲ್ಲಿ ಇದು ಇರುವ ಸಾಧ್ಯತೆ ಜಾಸ್ತಿ. ಪರಿಹಾರ ಇದು: ಡೇಟಾಬೇಸನ್ನು ಒಂದು ಫೈಲಾಗಿ (ಡಂಪ್) ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್‌ಗೆ ಅಕ್ಷರ ಪದ್ಧತಿ ಲ್ಯಾಟಿನ್-1 ಎಂದೇ ಹೇಳಿ ತೆಗೆಯಿರಿ. ಆಗ ಅದು ಏನನ್ನೂ ಬದಲಿಸದೆ ಬೈಟ್‌ಗಳನ್ನು ಹಾಗೇ ಬರೆಯುತ್ತದೆ. ಆ ಫೈಲನ್ನು ಎಡಿಟರ್‌ನಲ್ಲಿ ತೆರೆದರೆ ಕನ್ನಡ ಸರಿಯಾಗಿ ಕಾಣಬೇಕು. ಕಂಡರೆ, ಟೇಬಲ್ ರಚಿಸುವ ಸಾಲುಗಳಲ್ಲೂ ಮೇಲ್ಗಡೆಯ 'ಸೆಟ್ ನೇಮ್ಸ್' ಸಾಲಿನಲ್ಲೂ ಲ್ಯಾಟಿನ್-1 ಎಂದಿರುವುದನ್ನು ಯುಟಿಎಫ್8ಎಂಬಿ4 ಎಂದು ತಿದ್ದಿ, ಯುಟಿಎಫ್8ಎಂಬಿ4 ಸಂಪರ್ಕದಲ್ಲೇ ಹೊಸದಕ್ಕೆ ತುಂಬಿಸಿ.

ಯುಟಿಎಫ್8ಎಂಬಿ4 ಯಾಕೆ ಅಂದರೆ, ಮೈಎಸ್‌ಕ್ಯೂಎಲ್‌ನಲ್ಲಿ ಬರೀ 'ಯುಟಿಎಫ್8' ಎಂದು ಕರೆದದ್ದು ಮೂರು ಬೈಟ್‌ವರೆಗೆ ಮಾತ್ರ. ಪೂರ್ತಿ ನಾಲ್ಕು ಬೈಟ್‌ನದ್ದು 2010ರಲ್ಲಿ 5.5.3ನೇ ಆವೃತ್ತಿಯಲ್ಲಿ ಬಂತು. ಅದಕ್ಕೇ ಕೆಲವೊಮ್ಮೆ ಕನ್ನಡವೆಲ್ಲ ಸರಿಯಾಗಿ ಬಂದು ಇಮೋಜಿಗಳು ಮಾತ್ರ ಪ್ರಶ್ನೆ ಚಿಹ್ನೆ ಆಗುತ್ತವೆ. ಹಳೆಯದು ಮೈಎಸ್‌ಕ್ಯೂಎಲ್ 8 ಆಗಿದ್ದು ಹೊಸದರಲ್ಲಿ ಅದರ ಸೋದರ ಡೇಟಾಬೇಸ್ ಮರಿಯಾಡಿಬಿ ಇದ್ದರೆ ತುಂಬಿಸುವಾಗ 'ಈ ಕೊಲೇಷನ್ ಗೊತ್ತಿಲ್ಲ' ಎಂಬ ತಕರಾರು ಬರಬಹುದು (ಕೊಲೇಷನ್ ಅಂದರೆ ಅಕ್ಷರಗಳನ್ನು ಹೋಲಿಸಿ ಜೋಡಿಸುವ ನಿಯಮ). ಡಂಪ್ ಫೈಲ್‌ನಲ್ಲಿ ಆ ಹೆಸರನ್ನು ಯುಟಿಎಫ್8ಎಂಬಿ4 ಯುನಿಕೋಡ್ ಸಿಐ ಎಂಬ ಹಳೆಯ ಕೊಲೇಷನ್‌ಗೆ ಬದಲಿಸಿದರೆ ಆಯಿತು.

ಅಂತೂ ನಿಯಮ ಸರಳ. ಡಂಪ್ ತೆಗೆದ ಕೂಡಲೇ ಅದನ್ನು ತೆರೆದು ಒಂದು ಕನ್ನಡ ವಾಕ್ಯ ಹುಡುಕಿ. ಓದಲು ಬಂದರೆ ಮುಂದೆ ಹೋಗಿ. ಇನ್ನೊಂದು ಮಾತು, ಆ ಡಂಪ್ ಫೈಲನ್ನಾಗಲಿ ಬ್ಯಾಕಪ್ ಜಿಪ್ ಅನ್ನಾಗಲಿ ಸೈಟಿನ ಫೋಲ್ಡರ್ ಒಳಗೆ ಬಿಡಬೇಡಿ. ಅಂಥ ಹೆಸರಿನ ಫೈಲ್‌ಗಳನ್ನೇ ಹುಡುಕುತ್ತಾ ಅಲೆಯುವ ಬಾಟ್‌ಗಳಿವೆ. ಡೇಟಾಬೇಸಿನ ಜೊತೆ ನಿಮ್ಮ ಪಾಸ್‌ವರ್ಡ್‌ಗಳೂ ಹೋಗುತ್ತವೆ.

ನಕಲು, ಪರೀಕ್ಷೆ, ಆಮೇಲೆ ಬದಲಾವಣೆ

ಮೊದಲು ಪಟ್ಟಿ ಮಾಡಿ. ಹಳೆ ಹೋಸ್ಟಿಂಗ್‌ನಲ್ಲಿ ಯಾವ ಪಿಎಚ್‌ಪಿ ಆವೃತ್ತಿ ಇದೆ, ಯಾವ ಎಕ್ಸ್‌ಟೆನ್ಷನ್‌ಗಳಿವೆ, ಕ್ರಾನ್ ಕೆಲಸ (ನಿಗದಿತ ಹೊತ್ತಿಗೆ ತಾನಾಗಿ ಓಡುವಂಥವು) ಯಾವುವು, ಸಬ್‌ಡೊಮೇನ್ ಎಷ್ಟು, ರಿಡೈರೆಕ್ಟ್ ಎಲ್ಲೆಲ್ಲಿ. ಡಿಎನ್‌ಎಸ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಸಾಮಾನ್ಯವಾಗಿ ಮರೆತುಹೋಗುವುದು ಕ್ರಾನ್. ತಿಂಗಳಾದ ಮೇಲೆ 'ಪಟ್ಟಿ ಯಾಕೋ ಅಪ್‌ಡೇಟ್ ಆಗ್ತಿಲ್ವಲ್ಲ' ಅನ್ನಿಸುತ್ತದೆ.

ಫೈಲ್‌ಗಳಿಗೆ ಆರ್‌ಸಿಂಕ್ ಎಂಬ ನಕಲು ಸಾಧನ ಬಳಸಿ. ಎರಡನೇ ಸಲ ಓಡಿಸಿದಾಗ ಬದಲಾದದ್ದನ್ನು ಮಾತ್ರ ತರುತ್ತದೆ, ಕೊನೆಯ ದಿನ ಇದು ಬಹಳ ಅನುಕೂಲ. ಮೊದಲು ಡ್ರೈ ರನ್ ಮಾಡಿ ಏನಾಗಲಿದೆ ನೋಡಿ. ಮೂಲ ಫೋಲ್ಡರ್ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಇದ್ದರೆ ಒಳಗಿನದು ಮಾತ್ರ ಬರುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ ಬರುತ್ತದೆ. ಅಳಿಸುವ ಆಯ್ಕೆಯನ್ನು ಈ ಕೆಲಸದಲ್ಲಿ ಬಳಸಲೇಬೇಡಿ.

ನಾಣ್ಯದ ಪಟ್ಟಿ ನಿಮಗೆ ತೊಂದರೆ ಕೊಡಬಹುದು. ಹಳೆಯ ಪಿಎಚ್‌ಪಿ ಕೋಡ್‌ಗಳು ಡೇಟಾಬೇಸಿಗೆ ಬಳಸುತ್ತಿದ್ದ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ. ಹೊಸ ಸರ್ವರ್‌ನಲ್ಲಿ ಇರುವುದು ಪಿಎಚ್‌ಪಿ 8. ನಿಮ್ಮ ಕೋಡ್ ಅಷ್ಟು ಹಳೆಯದಾಗಿದ್ದರೆ ಬಿಳಿ ಪುಟ ಮಾತ್ರ ಕಾಣುತ್ತದೆ. ಪಿಎಚ್‌ಪಿಯ ಈಗಿನ ಡೇಟಾಬೇಸ್ ವಿಧಾನವಾದ ಪಿಡಿಒ ಬಳಸಿ ಆ ಭಾಗಗಳನ್ನು ತಿದ್ದುವುದು ಒಂದು ದಾರಿ, ಕಲಿಯಲೂ ಒಳ್ಳೆಯದು. ಹಳೆ ಪಿಎಚ್‌ಪಿಯನ್ನೇ ಕಂಟೇನರ್‌ನಲ್ಲಿ ಓಡಿಸಿ ಇಂಟರ್ನೆಟ್‌ಗೆ ತೆರೆಯುವುದು ಬೇಡವೇ ಬೇಡ. ಪಟ್ಟಿ ಅಪರೂಪಕ್ಕೆ ಬದಲಾಗುವುದಾದರೆ ಇನ್ನೊಂದು ದಾರಿ ನನಗೆ ಇಷ್ಟ: ವಿಗೆಟ್ ಎಂಬ ಪುಟ ಇಳಿಸುವ ಸಾಧನದಿಂದ ಇಡೀ ಸೈಟನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ತೆಗೆದಿಟ್ಟುಬಿಡಿ. ಪಿಎಚ್‌ಪಿಯೂ ಬೇಡ, ಡೇಟಾಬೇಸೂ ಬೇಡ. ಇನ್ನು ಹತ್ತು ವರ್ಷ ಅದರ ಪಾಡಿಗೆ ಅದು ನಡೆಯುತ್ತದೆ. ಪುಟಗಳ ವಿಳಾಸ ಮೊದಲಿನಂತೆಯೇ ಉಳಿಯುವ ಹಾಗೆ ರಿಡೈರೆಕ್ಟ್ ಬರೆಯಬೇಕಾಗುತ್ತದೆ, ಅಷ್ಟೇ.

ನಕಲಾದ ಮೇಲೆ ಡಿಎನ್‌ಎಸ್ ಮುಟ್ಟದೆಯೇ ಹೊಸ ಸರ್ವರನ್ನು ಪರೀಕ್ಷಿಸಬಹುದು. ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲ್‌ನಲ್ಲಿ ಹೊಸ ಐಪಿ ಮತ್ತು ಡೊಮೇನ್ ಹೆಸರನ್ನು ಒಂದು ಸಾಲಿನಲ್ಲಿ ಬರೆಯಿರಿ. ಆಗ ನಿಮ್ಮ ಕಂಪ್ಯೂಟರಿಗೆ ಮಾತ್ರ ಹೊಸ ಸೈಟ್ ಕಾಣುತ್ತದೆ, ಜಗತ್ತಿಗೆಲ್ಲ ಹಳೆಯದೇ. ಈ ಸ್ಥಿತಿಯಲ್ಲಿ ವಾರಗಟ್ಟಲೆ ಇದ್ದರೂ ನಷ್ಟವಿಲ್ಲ. ನಿಧಾನವಾಗಿ ಎಲ್ಲವನ್ನೂ ಒತ್ತಿ ನೋಡಿ. ಮುಖಪುಟ ಬಂದು ಒಳಪುಟಗಳೆಲ್ಲ 404 ಅಂದರೆ, ಹಳೆ ಸರ್ವರಿನ ಎಚ್‌ಟಿಆಕ್ಸೆಸ್ ಫೈಲಿನಲ್ಲಿರುವ ವಿಳಾಸದ ನಿಯಮಗಳು ಕೆಲಸ ಮಾಡುತ್ತಿಲ್ಲ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಂ ಆ ಫೈಲನ್ನು ಓದುವುದೇ ಇಲ್ಲ, ನಿಯಮಗಳನ್ನು ಅದರ ಭಾಷೆಯಲ್ಲಿ ಬರೆಯಬೇಕು. ಡೆಬಿಯನ್ ಲಿನಕ್ಸ್‌ನ ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್‌ನಲ್ಲೂ ಅದು ಮೊದಲಿಗೆ ಚಾಲೂ ಇರುವುದಿಲ್ಲ. ಫೋಟೋ ಅಪ್‌ಲೋಡ್ ಮಾಡಿ ನೋಡಿ. ಪಿಎಚ್‌ಪಿಯ ಮೂಲ ಮಿತಿ ಒಂದು ಫೈಲಿಗೆ 2 ಮೆಗಾಬೈಟ್, ಎಂಜಿನ್‌ಎಕ್ಸ್‌ನದು 1 ಮೆಗಾಬೈಟ್. ಎರಡನ್ನೂ ಏರಿಸದಿದ್ದರೆ ನಿಮ್ಮ ಕ್ಯಾಮೆರಾದ ಒಂದು ಚಿತ್ರವೂ ಒಳಗೆ ಹೋಗದು. 'ಫೋಲ್ಡರ್‌ಗೆ ಬರೆಯಲಾಗುತ್ತಿಲ್ಲ' ಅಂದರೆ ಫೈಲ್‌ಗಳ ಒಡೆತನ ತಪ್ಪಿದೆ. ಅದನ್ನು ಸರಿಪಡಿಸಿ, ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಮಾತ್ರ ಬೇಡ. ಮನೆಯೊಳಗಿಂದ ನೋಡಿದಾಗ ಸೈಟ್ ಬದಲು ರೌಟರ್ ಪುಟ ಬಂದರೆ ಗಾಬರಿ ಬೇಡ, ಕೆಲವು ರೌಟರ್‌ಗಳು ಹಾಗೇ. ಮೊಬೈಲ್ ಡೇಟಾದಿಂದ ನೋಡಿ.

ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೆ ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಾಕು. ಆದರೆ ಸಾಮಾನ್ಯ ವಿಧಾನದಲ್ಲಿ ಅದು ಕೊಡಬೇಕಾದರೆ ಡೊಮೇನ್ ಆಗಲೇ ಹೊಸ ಸರ್ವರ್ ಕಡೆ ತಿರುಗಿರಬೇಕು. ಅದಕ್ಕೂ ಮೊದಲೇ ಬೇಕಿದ್ದರೆ ಡಿಎನ್‌ಎಸ್‌ನಲ್ಲಿ ಒಂದು ಟೆಕ್ಸ್ಟ್ ರೆಕಾರ್ಡ್ ಹಾಕಿ ಸಾಬೀತುಪಡಿಸುವ ವಿಧಾನವಿದೆ, ಇಲ್ಲವೇ ಹಳೆ ಸರ್ವರಿನ ಪ್ರಮಾಣಪತ್ರ ಮತ್ತು ಕೀಯನ್ನೇ ತಂದಿಡಬಹುದು. ಪ್ರಯೋಗವನ್ನು ಅವರ ಸ್ಟೇಜಿಂಗ್ ಸರ್ವರ್‌ನಲ್ಲಿ ಮಾಡಿ. ಅವೇ ಹೆಸರುಗಳಿಗೆ ವಾರಕ್ಕೆ 5 ಪ್ರಮಾಣಪತ್ರ ಮಾತ್ರ ಎಂಬ ಮಿತಿ ಇದೆ, ಅದು ಮುಗಿದರೆ ಕಾಯಬೇಕು. ಹಳೆ ಸೈಟ್ ಎಚ್‌ಎಸ್‌ಟಿಎಸ್ (ಎಚ್‌ಟಿಟಿಪಿಎಸ್‌ನಲ್ಲೇ ತೆರೆ ಎಂದು ಬ್ರೌಸರ್‌ಗೆ ಹೇಳುವ ಸೂಚನೆ) ಕಳಿಸುತ್ತಿದ್ದರೆ ಇದು ಇನ್ನೂ ಮುಖ್ಯ. ಪ್ರಮಾಣಪತ್ರ ಸರಿಯಿಲ್ಲದಿದ್ದರೆ ಹಳೆ ಓದುಗರ ಬ್ರೌಸರ್ ಸೈಟ್ ತೆರೆಯಲು ಬಿಡುವುದೇ ಇಲ್ಲ.

ಇಮೇಲ್ ಅನ್ನು ಮನೆಗೆ ತರಬೇಡಿ. ಇದನ್ನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ಮನೆಯ ಐಪಿಯಿಂದ ಹೋದ ಪತ್ರವನ್ನು ದೊಡ್ಡ ಮೇಲ್ ಸೇವೆಗಳು ಸಾಮಾನ್ಯವಾಗಿ ನಂಬುವುದಿಲ್ಲ. ಬಹಳಷ್ಟು ಕಡೆ ಪತ್ರ ಕಳಿಸುವ 25ನೇ ಪೋರ್ಟ್ ಮುಚ್ಚಿರುತ್ತದೆ, ಐಪಿಯಿಂದ ಹೆಸರು ಹೇಳುವ ರಿವರ್ಸ್ ಡಿಎನ್‌ಎಸ್ ನಿಮ್ಮ ಕೈಯಲ್ಲಿರುವುದಿಲ್ಲ. ಸೈಟ್ ನಿಂತರೆ ಓದುಗ ನಾಳೆ ಬರುತ್ತಾನೆ. ಪತ್ರ ತಲುಪದಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಹೋಸ್ಟಿಂಗ್ ಮುಗಿಯುವುದರೊಳಗೆ ಮೇಲ್‌ಬಾಕ್ಸ್‌ಗಳನ್ನು ಒಂದು ಮೇಲ್ ಸೇವೆಗೆ ಸಾಗಿಸಿ, ಹಳೆ ಪತ್ರಗಳನ್ನು ಐಮ್ಯಾಪ್‌ಸಿಂಕ್‌ನಿಂದ ನಕಲು ಮಾಡಿ.

ಇಲ್ಲೊಂದು ಬಲೆ ಇದೆ. ಇಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಯಾವ ಹೆಸರನ್ನು ತೋರಿಸುತ್ತಿದೆ ನೋಡಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದು ಹಲವು ಸಲ ನಿಮ್ಮ ಡೊಮೇನ್ ಹೆಸರನ್ನೇ ತೋರಿಸುತ್ತಿರುತ್ತದೆ. ಆಗ ಸೈಟಿಗೆಂದು 'ಎ' ರೆಕಾರ್ಡ್ ಬದಲಿಸಿದ ಕ್ಷಣ ಇಮೇಲ್ ಕೂಡ ನಿಮ್ಮ ಮಿನಿ ಪಿಸಿಯ ಬಾಗಿಲು ತಟ್ಟುತ್ತದೆ. ಮೊದಲೇ 'ಮೇಲ್' ಎಂಬ ಸಬ್‌ಡೊಮೇನಿಗೆ ಹಳೆ ಐಪಿಯ 'ಎ' ರೆಕಾರ್ಡ್ ಮಾಡಿ ಎಂಎಕ್ಸ್ ಅನ್ನು ಅದಕ್ಕೆ ತಿರುಗಿಸಿ. ಆ ಹೆಸರು ಸಿನೇಮ್ (ಇನ್ನೊಂದು ಹೆಸರನ್ನು ತೋರಿಸುವ ರೆಕಾರ್ಡ್) ಆಗಿರಬಾರದು. ಸೈಟಿನ ಸಂಪರ್ಕ ಫಾರ್ಮ್ ಕಳಿಸುವ ಪತ್ರಗಳನ್ನೂ ಮೇಲ್ ಸೇವೆಯ 587ನೇ ಪೋರ್ಟ್ ಮೂಲಕ, ಲಾಗಿನ್ ಆಗಿ ಕಳಿಸುವಂತೆ ಮಾಡಿ. ಇಲ್ಲದಿದ್ದರೆ ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಪತ್ರ ಕಳಿಸಬಹುದು ಎಂಬ ಪಟ್ಟಿ) ತಾಳೆಯಾಗದೆ ಅವು ಸ್ಪ್ಯಾಮ್‌ಗೆ ಬೀಳುತ್ತವೆ.

ಈಗ ಕ್ರಮ. ರೇಡಿಯೋ ಪುಟಗಳು ಮೊದಲು, ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ. ನಾಣ್ಯಗಳು ಆಮೇಲೆ. ಹಕ್ಕಿಗಳು ಕೊನೆಗೆ. ಹಕ್ಕಿ ಸೈಟ್ ಬದಲಿಸುವ ದಿನ ಓದುಗರು ಕಡಿಮೆ ಇರುವ ಹೊತ್ತು ನೋಡಿ, ಹಳೆಯದರಲ್ಲಿ ಕಾಮೆಂಟ್ ಮುಚ್ಚಿ. ಹೊಸದಾಗಿ ಡಂಪ್ ತೆಗೆದು ತುಂಬಿಸಿ, ಆರ್‌ಸಿಂಕ್ ಇನ್ನೊಮ್ಮೆ ಓಡಿಸಿ, 'ಎ' ರೆಕಾರ್ಡ್ ಬದಲಿಸಿ, ಹೋಸ್ಟ್ಸ್ ಫೈಲಿನ ಸಾಲು ಅಳಿಸಿ. ಎರಡೂ ಸರ್ವರ್‌ಗಳ ಲಾಗ್ ನೋಡುತ್ತಾ ಕೂರಿ. ಹಳೆಯದರಲ್ಲಿ ಜನ ಕಡಿಮೆಯಾಗುತ್ತಾ ಹೊಸದರಲ್ಲಿ ಜಾಸ್ತಿಯಾಗುವುದು ಕಾಣುತ್ತದೆ. ಏನಾದರೂ ಕೆಟ್ಟರೆ ರೆಕಾರ್ಡನ್ನು ಹಿಂದಕ್ಕೆ ತಿರುಗಿಸಿ, ಐದತ್ತು ನಿಮಿಷದಲ್ಲಿ ಹೆಚ್ಚಿನವರು ಹಳೆಯದಕ್ಕೆ ಬಂದಿರುತ್ತಾರೆ. ಆ ದಾರಿ ತೆರೆದಿರಲಿ ಎಂದೇ ಮೊದಲ ಒಂದೆರಡು ದಿನ ಹೊಸ ಪೋಸ್ಟ್ ಹಾಕಬೇಡಿ. ಹಾಕಿದರೆ ಹಿಂದೆ ಹೋಗುವಾಗ ಅದು ಉಳಿದುಹೋಗುತ್ತದೆ. ಎಲ್ಲ ಸರಿಯೆನಿಸಿದ ಮೇಲೆ ಟಿಟಿಎಲ್ ಅನ್ನು 3600ಕ್ಕೆ ಏರಿಸಬಹುದು. ಮನೆಯ ಐಪಿ ಬದಲಾಗುವಂಥದ್ದಾದರೆ 300ರಲ್ಲೇ ಬಿಡಿ.

ಬ್ಯಾಕಪ್ ಇನ್ನು ಮುಂದೆ ನಿಮ್ಮದೇ ಕೆಲಸ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ಎರಡು ಡಿಸ್ಕಿನಲ್ಲೂ ಒಂದೇ ಡೇಟಾ ಇಡುವ ರೇಡ್ ಇದ್ದರೂ ಅದು ಬ್ಯಾಕಪ್ ಅಲ್ಲ, ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಆಗಲೇ ಅಳಿಸಿರುತ್ತದೆ. ಸಾಧ್ಯವಾದರೆ ಬ್ಯಾಕಪ್ ಯಂತ್ರವೇ ಸರ್ವರ್‌ನಿಂದ ಎಳೆದುಕೊಳ್ಳಲಿ. ಸರ್ವರ್ ತಾನೇ ಹೋಗಿ ಬರೆಯುವಂತಿದ್ದರೆ, ಸರ್ವರ್‌ಗೆ ನುಗ್ಗಿದವರು ಬ್ಯಾಕಪ್ಪನ್ನೂ ಅಳಿಸಬಹುದು. ಬ್ಯಾಕಪ್ ಪ್ರೋಗ್ರಾಂಗಳಲ್ಲಿ ರೆಸ್ಟಿಕ್, ಬೋರ್ಗ್ ಎರಡೂ ಚೆನ್ನಾಗಿವೆ. ಒಮ್ಮೆಯಾದರೂ ಬ್ಯಾಕಪ್‌ನಿಂದ ಇಡೀ ಸೈಟನ್ನು ಬೇರೆ ಕಡೆ ಎಬ್ಬಿಸಿ ನೋಡಿ, ಅಲ್ಲೂ ಒಂದು ಕನ್ನಡ ಪುಟ ಓದಿ.

ಹಳೆ ಹೋಸ್ಟಿಂಗ್ ಅವಧಿ ಮುಗಿಯುವ ತನಕ ಹಾಗೇ ಇರಲಿ. ಮುಗಿಯುವ ಒಂದು ವಾರ ಮೊದಲು ಅದರ ಲಾಗ್ ಇನ್ನೊಮ್ಮೆ ನೋಡಿ. ಬಾಟ್‌ಗಳನ್ನು ಬಿಟ್ಟು ಬೇರೆ ಯಾರಾದರೂ ಬರುತ್ತಿದ್ದರೆ ಎಲ್ಲೋ ಒಂದು ರೆಕಾರ್ಡ್ ಉಳಿದಿದೆ. ಮೇಲ್‌ಬಾಕ್ಸ್ ಸಮೇತ ಪೂರ್ತಿ ಬ್ಯಾಕಪ್ ಒಂದನ್ನು ಇಳಿಸಿಕೊಳ್ಳಿ. ನಿಮ್ಮ ಡೊಮೇನ್ ನೋಂದಣಿಯೂ ಡಿಎನ್‌ಎಸ್ಸೂ ಅದೇ ಹೋಸ್ಟಿಂಗ್ ಖಾತೆಯೊಳಗೆ ಇವೆಯೇ ಎಂದು ಈಗಲೇ, ಈ ವಾರವೇ ನೋಡಿಬಿಡಿ. ಇದ್ದರೆ ಖಾತೆ ಮುಚ್ಚುವ ಮೊದಲು ಎರಡನ್ನೂ ಬೇರೆಡೆಗೆ ಸಾಗಿಸಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ನೋಂದಣಿಯಲ್ಲಿ ಕೊಟ್ಟ ಇಮೇಲ್ ವಿಳಾಸ ಅದೇ ಡೊಮೇನಿನದ್ದಾಗಿದ್ದರೆ ಅದನ್ನೂ ಬೇರೆ ವಿಳಾಸಕ್ಕೆ ಬದಲಿಸಿ.